ಕಿಟಕಿ ಪಕ್ಕದ ಹಾಸಿಗೆಗೆ ವಿದ್ಯಾರ್ಥಿಗಳು ಬೇಡ

ನರ್ಸಿಂಗ್ ಶಾಲೆಯ ಹುಡುಗಿಯರು ಅವರನ್ನು ಎದುರಿಗೆ ಟೀಚರ್ ಅನ್ನುತ್ತಿದ್ದರು, ಬೆನ್ನ ಹಿಂದೆ 'ಇನ್ನೊಂದ್ಸಲ' ಅನ್ನುತ್ತಿದ್ದರು. ಹಾಸಿಗೆಯ ಚಾದರದ ಮೂಲೆ ನೆಟ್ಟಗೆ ಮಡಿಸದಿದ್ದರೆ ಇನ್ನೊಂದ್ಸಲ. ಕೈ ತೊಳೆಯುವಾಗ ಹೆಬ್ಬೆರಳ ಸಂದು ಬಿಟ್ಟುಹೋದರೆ ಇನ್ನೊಂದ್ಸಲ. ಅಭ್ಯಾಸದ ಕೋಣೆಯಲ್ಲಿ ಮೇಜಿಗೆ ಬಿಗಿದಿದ್ದ ರಬ್ಬರ್ ತೋಳಿಗೆ ಸೂಜಿ ಓರೆಯಾಗಿ ಇಳಿದರಂತೂ ಕೇಳುವುದೇ ಬೇಡ. ದನಿ ಏರಿಸುವ ಜಾಯಮಾನ ಅವರದಲ್ಲ. ಬೈಯುತ್ತಲೂ ಇರಲಿಲ್ಲ. ಸುಮ್ಮನೆ ಆ ಒಂದು ಮಾತು ಹೇಳಿ ಕೈಕಟ್ಟಿ ನಿಲ್ಲುತ್ತಿದ್ದರು. ಬೈದಿದ್ದರೇ ವಾಸಿಯಿತ್ತು ಎಂದು ಹುಡುಗಿಯರು ಹಾಸ್ಟೆಲ್ಲಿನಲ್ಲಿ ಗೊಣಗುತ್ತಿದ್ದರು.

ಆ ಮಾತು ಅವರ ಸ್ವಂತದ್ದೇನಲ್ಲ, ಅಮ್ಮನದು. ಅಮ್ಮ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿದು ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದವಳು. ಮಗಳು ಹಾಕಿದ ಹೊಲಿಗೆ ಡೊಂಕಾದರೆ ಬಟ್ಟೆಯನ್ನು ಅವಳ ಮಡಿಲಿಗೆ ಎಸೆದು, "ಬಿಚ್ಚು. ಇನ್ನೊಂದ್ಸಲ ಹಾಕು" ಎಂದು ತಿರುಗಿಯೂ ನೋಡದೆ ಪೆಡಲ್ ತುಳಿಯುತ್ತಿದ್ದಳು. ಮಗಳಿಗೆ ಹೊಲಿಗೆ ಹತ್ತಲಿಲ್ಲ. ಮಾತು ಮಾತ್ರ ಹತ್ತಿತು.

ಟೀಚರ್ ಮೊದಲು ವಾರ್ಡುಗಳಲ್ಲಿ ನರ್ಸಾಗಿದ್ದು, ಆಮೇಲೆ ಅದೇ ಆಸ್ಪತ್ರೆಗೆ ಸೇರಿದ ಶಾಲೆಗೆ ಬಂದವರು. ಕಪ್ಪು ಹಲಗೆಯ ಮುಂದೆ ನಿಂತು ಪಾಠ ಹೇಳುವವರು ಬೇರೆ ಇದ್ದರು. ಇವರ ಪಾಠವೆಲ್ಲ ವಾರ್ಡಿನಲ್ಲಿ. ಪುಸ್ತಕದಲ್ಲಿ ಓದಿದ್ದನ್ನು, ರಬ್ಬರ್ ತೋಳಿನ ಮೇಲೆ ಮಾಡಿದ್ದನ್ನು ಹುಡುಗಿಯರು ಮೊದಲ ಬಾರಿ ಜೀವವಿರುವ ಮೈಮೇಲೆ ಮಾಡುವಾಗ ಅವರ ಹೆಗಲ ಹಿಂದೆ ಒಂದು ಗೇಣು ದೂರದಲ್ಲಿ ನಿಲ್ಲುವುದೇ ಟೀಚರ ಕೆಲಸ. ಅಷ್ಟು ಹತ್ತಿರ ನಿಂತರೂ ಕೈ ಹಾಕುವಂತಿಲ್ಲ. ಆದರೆ ಗಳಿಗೆ ತಪ್ಪುವ ಮುಂಚೆ ಕೈ ಹಾಕಲೇಬೇಕು. ಆ ಗಳಿಗೆ ಯಾವುದೆಂದು ಅವರಿಗೆ ಗೊತ್ತಿತ್ತು. ಅದನ್ನು ಯಾರಿಗೂ ಬಿಡಿಸಿ ಹೇಳಲು ಮಾತ್ರ ಬರುತ್ತಿರಲಿಲ್ಲ.

ರೋಗಿಗಳ ಜೊತೆ ಅವರ ಮಾತು ಇಷ್ಟೇ: "ಈ ಹುಡುಗಿ ಹಾಕ್ತಾಳೆ. ನಾನು ಇಲ್ಲೇ ಇದ್ದೀನಿ. ಕೈ ಚಾಚಿ." ಅದು ಪ್ರಶ್ನೆಯಾಗಿರಲಿಲ್ಲ. ಯಾರಾದರೂ ಮುಖ ಹುಳ್ಳಗೆ ಮಾಡಿದರೆ, "ಇವಳು ಇವತ್ತು ಕಲೀದೇ ಹೋದ್ರೆ ನಾಳೆ ನಿಮ್ಮ ಮೊಮ್ಮಗಳಿಗೆ ಯಾರು ಹಾಕ್ಬೇಕು?" ಅನ್ನುತ್ತಿದ್ದರು. ಇನ್ನೂ ಹುಟ್ಟದ ಮೊಮ್ಮಗಳ ಮುಖ ನೋಡಿ ಜನ ಕೈ ಚಾಚುತ್ತಿದ್ದರು.

ಆ ವರ್ಷದ ತಂಡದಲ್ಲಿ 'ಏಣಿ' ಎಂಬ ಹುಡುಗಿ ಇದ್ದಳು. ಎತ್ತರಕ್ಕೆ ಬಿದ್ದ ಹೆಸರು ಅದು. ವಾರ್ಡಿನ ಪರದೆಯ ಕಂಬಿಗೆ ಕೊಂಡಿ ಸಿಕ್ಕಿಕೊಂಡರೆ ಸ್ಟೂಲು ಹುಡುಕುವ ಬದಲು ಅವಳನ್ನೇ ಕರೆಯುತ್ತಿದ್ದರು. ಓದಿನಲ್ಲಿ ಚುರುಕು, ರೋಗಿಗಳ ಹತ್ತಿರ ಕೂತರೆ ಹೊತ್ತು ಹೋಗುವುದೇ ತಿಳಿಯದು. ಆದರೆ ಸೂಜಿ ಹಿಡಿದರೆ ಬೆರಳು ನಡುಗುತ್ತಿತ್ತು. ನರದೊಳಗೆ ಕೂರಿಸುವ ಪುಟ್ಟ ಪ್ಲಾಸ್ಟಿಕ್ ಕೊಳವೆ, ವಾರ್ಡಿನವರ ಬಾಯಲ್ಲಿ ಕ್ಯಾನುಲಾ, ಅದನ್ನು ರಬ್ಬರ್ ತೋಳಿಗೆ ಹೂವಿನಂತೆ ಇಳಿಸುತ್ತಿದ್ದವಳು ಮನುಷ್ಯರ ತೋಳು ಕಂಡರೆ ಬೆವರುತ್ತಿದ್ದಳು. "ರಬ್ಬರ್ ಕೈ ನನ್ನ ಮುಖ ನೋಡಲ್ಲ ಟೀಚರ್" ಎಂದು ಒಮ್ಮೆ ಅಂದಿದ್ದಳು. ಟೀಚರ್ ಅದಕ್ಕೂ, "ಸರಿ, ಇನ್ನೊಂದ್ಸಲ" ಅಂದಿದ್ದರು.

ಹೀಗಿರುವಾಗ ಅಮ್ಮನಿಗೆ ಜ್ವರ ಬಂತು. ಕೆಮ್ಮು ಎದೆಗಿಳಿದು ಉಸಿರು ಸಿಕ್ಕಿಕೊಳ್ಳಲು ಶುರುವಾದ ಮೇಲೆ ಟೀಚರ ತಮ್ಮ ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಗೆ ತಂದ. ಶ್ವಾಸಕೋಶಕ್ಕೆ ಸೋಂಕು, ಕೆಲವು ದಿನ ಇರಬೇಕಾಗುತ್ತದೆ ಎಂದರು ಡಾಕ್ಟರು. ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿತು. ತಮ್ಮನಿಗೆ ವಿದ್ಯುತ್ ಸಾಮಾನಿನ ಅಂಗಡಿ. ಬಾಯಿ ಜೋರು, ಮನಸ್ಸು ಮೆದು. ಅಮ್ಮನ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದನ್ನು ನೋಡಿ ಅವನ ಕಣ್ಣು ತುಂಬಿತು. ಅಕ್ಕನನ್ನು ಬಾಗಿಲ ಆಚೆ ಕರೆದುಕೊಂಡು ಹೋದ.

"ಅಕ್ಕಾ, ನಿನ್ನ ಆ ಕಲಿಯೋ ಹುಡುಗೀರು ಅಮ್ಮನ ಹತ್ರ ಸುಳೀಬಾರ್ದು."

"ಬಿಡ್ತೀನೇನೋ ನಾನು?" ಅಂದರು ಟೀಚರ್.

ಮಾತು ಬಾಯಿಂದ ಬಂದಮೇಲೆ ಅವರಿಗೆ ಏನೂ ಅನ್ನಿಸಲಿಲ್ಲ. ಒಳಗೆ ಹೋಗಿ ವಾರ್ಡಿನ ಹಿರಿಯ ಸಿಸ್ಟರಿಗೆ, "ಕಿಟಕಿ ಪಕ್ಕದ ಹಾಸಿಗೆಗೆ ವಿದ್ಯಾರ್ಥಿಗಳು ಬೇಡ" ಎಂದು ಹೇಳಿ ತಮ್ಮ ಪಾಡಿಗೆ ಪಾಠಕ್ಕೆ ಹೋದರು. ಹಿರಿಯ ಸಿಸ್ಟರು ದಪ್ಪ ಕನ್ನಡಕದ, ನಿವೃತ್ತಿಗೆ ಹತ್ತಿರವಾದ ಹೆಂಗಸು. ಕನ್ನಡಕದ ಮೇಲಿಂದ ಒಮ್ಮೆ ನೋಡಿ ಅದನ್ನು ಬರೆದುಕೊಂಡರು.

ಮಾತು ಬಂದದ್ದು ಮಾರನೆಯ ದಿನ, ಬೇರೆಯವರಿಂದ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಮಗ ಬೈಕ್ ರಿಪೇರಿಯವನು, ಉಗುರಿನ ಸಂದಿಯ ಕಪ್ಪು ಹೋಗದವನು, ತಾಯಿಯ ಕಾಲ ಬಳಿ ಕಾವಲಿಗೆ ಕೂತಿರುತ್ತಿದ್ದ. ಟೀಚರ್ ಒಬ್ಬ ಹುಡುಗಿಯನ್ನು ಕರೆದುಕೊಂಡು ಹೋಗಿ ಎಂದಿನಂತೆ, "ಈ ಹುಡುಗಿ ಹಾಕ್ತಾಳೆ, ಕೈ ಚಾಚಿಸಿ" ಎಂದಾಗ ಅವನು ಎದ್ದು ನಿಂತ.

"ಬೇಡ ಮೇಡಂ. ನೀವೇ ಹಾಕಿ."

"ನಾನು ಇಲ್ಲೇ ಇರ್ತೀನಪ್ಪ."

"ನಿಮ್ಮಮ್ಮನಿಗೆ ಹಾಕುವಾಗ್ಲೂ ನೀವು ಇಲ್ಲೇ ಇರ್ತೀರಲ್ಲ. ಮತ್ಯಾಕೆ ಬೇಡ ಅಂದ್ರಿ?"

ಅವನ ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ಟೀಚರ್ ಹುಡುಗಿಯ ಕೈಯಿಂದ ತಟ್ಟೆ ತೆಗೆದುಕೊಂಡು ತಾವೇ ಹಾಕಿದರು. ವಾರ್ಡಿನಲ್ಲಿ ಮಾತು ಹಬ್ಬಲು ಕಾಲು ಬೇಕೆ? ಸಂಜೆಯ ಹೊತ್ತಿಗೆ ಸಾಲಿನ ಆ ತುದಿಯವರೂ, "ನಮಗೂ ದೊಡ್ಡ ಸಿಸ್ಟರೇ ಬೇಕು" ಅನ್ನತೊಡಗಿದರು. ಜ್ವರ ನೋಡಲು ಬಂದ ಹುಡುಗಿಗೂ ಒಬ್ಬಾಕೆ ಬಾಯಿ ತೆರೆಯಲಿಲ್ಲ. ಹುಡುಗಿಯರು ಟ್ರಾಲಿಯ ಸುತ್ತ ಮದುವೆಗೆ ಕರೆಯದ ನೆಂಟರ ಹಾಗೆ ನಿಂತರು.

ಹಿರಿಯ ಸಿಸ್ಟರು ಆಗ ಬಾಯಿಬಿಟ್ಟರು. "ಟೀಚರ್, ನನಗೆ ಇರೋದು ಎರಡೇ ಕೈ. ಇಡೀ ವಾರ್ಡಿಗೆ ನಾನೇ ಚುಚ್ಚಕ್ಕಾಗುತ್ತಾ? ನಿಮ್ಮಮ್ಮನಿಗೊಂದು ನ್ಯಾಯ, ಊರೋರ ಅಮ್ಮಂದಿರಿಗೊಂದು ನ್ಯಾಯ ಅಂತ ಜನ ಮಾತಾಡ್ತಿದ್ದಾರೆ. ಸುಳ್ಳು ಅಂತ ಹೇಳೋಣ ಅಂದ್ರೆ ನನಗೆ ಬಾಯಿ ಬರ್ತಿಲ್ಲ."

ಟೀಚರ್ ಆ ದಿನ ಬಸ್ಸಿಗೆ ಕಾಯದೆ ನಡೆದೇ ಮನೆಗೆ ಹೋದರು. ನ್ಯಾಯ ಅನ್ಯಾಯದ ಲೆಕ್ಕ ಅವರ ತಲೆಯಲ್ಲಿ ಓಡುತ್ತಿರಲಿಲ್ಲ. ಒಂದು ಸಣ್ಣ ವಿಷಯ ಮುಳ್ಳಿನಂತೆ ಕೂತಿತ್ತು. ಇಷ್ಟು ವರ್ಷ ಅವರು ಹುಡುಗಿಯರ ಕೈಯನ್ನು ನೋಡಿದ್ದರು, ಸೂಜಿಯ ಕೋನ ನೋಡಿದ್ದರು, ನರ ನೋಡಿದ್ದರು. ಚಾಚಿದ ತೋಳಿನ ಇನ್ನೊಂದು ತುದಿಯಲ್ಲಿದ್ದ ಮುಖಗಳಲ್ಲಿ ಒಂದನ್ನು ನೆನಪಿಸಿಕೊಳ್ಳೋಣವೆಂದರೆ ನೆನಪಾಗಲಿಲ್ಲ. ತೋಳುಗಳು ನೆನಪಾದವು.

ಬೆಳಿಗ್ಗೆ ಹೋದವರೇ ಅಮ್ಮನ ಹಾಸಿಗೆಯ ಅಂಚಿನಲ್ಲಿ ಕೂತರು. ಅಮ್ಮನ ಉಸಿರು ಸ್ವಲ್ಪ ಹಗುರಾಗಿತ್ತು. ಹಾಲಿಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದಳು.

"ಅಮ್ಮಾ, ನಿನ್ನ ಕೈಗೆ ನಮ್ಮ ಹುಡುಗಿಯೊಬ್ಳು ಸೂಜಿ ಹಾಕ್ಬಹುದಾ? ನಾನು ಪಕ್ಕದಲ್ಲಿರ್ತೀನಿ."

ಅಮ್ಮ ಒಪ್ಪುತ್ತಾಳೆ ಎಂದೇ ಅವರು ಕೇಳಿದ್ದು. ದುಡಿದು ಬದುಕಿದ ಹೆಂಗಸು, ಕಲಿಯುವವರ ಕಷ್ಟ ಬಲ್ಲವಳು, 'ಹಾಕಲಿ ಬಿಡೇ' ಅನ್ನುತ್ತಾಳೆ, ಅಲ್ಲಿಗೆ ಎಲ್ಲರ ಬಾಯಿಯೂ ಮುಚ್ಚುತ್ತದೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದರು. ಅಮ್ಮ ಬ್ರೆಡ್ಡು ಕೆಳಗಿಟ್ಟಳು.

"ಬೇಡ ಕಣೇ."

"ಯಾಕಮ್ಮಾ?"

"ಯಾಕೆ ಅಂದ್ರೆ? ನೋವಾಗುತ್ತೆ. ನನ್ನ ನರ ಮೊದ್ಲೇ ಸರಿಯಿಲ್ಲ ಅಂತ ನೀನೇ ಹೇಳ್ತೀಯ. ನಾನೇನು ನಿಮ್ಮ ರಬ್ಬರ್ ಗೊಂಬೆನಾ?"

"ಅವರು ಕಲೀಬೇಕಲ್ಲಮ್ಮಾ."

"ಕಲೀಲಿ. ನನ್ನ ಮೇಲೆ ಬೇಡ. ನೀನು ಕೇಳ್ದೆ, ನಾನು ಹೇಳ್ದೆ. ಇನ್ನು ಸುಮ್ಮನೆ ತಲೆ ತಿನ್ಬೇಡ."

ಪಕ್ಕದ ಹಾಸಿಗೆಯ ಮಗ ಎಲ್ಲ ಕೇಳಿಸಿಕೊಂಡಿದ್ದ. ಪರದೆ ಎಂಬುದು ಕಣ್ಣಿಗೆ, ಕಿವಿಗಲ್ಲ. ಟೀಚರ್ ಎದ್ದು ಅವನ ಹತ್ತಿರವೇ ಹೋದರು. ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ನಿನ್ನೆ ನೀನು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲಪ್ಪ. ನಮ್ಮಮ್ಮನ್ನ ಕೇಳ್ದೆನೇ ನಾನು ಬೇಡ ಅಂದಿದ್ದೆ, ನಿಮ್ಮಮ್ಮನ್ನ ಕೇಳ್ದೆನೇ ಹಾಕಿಸ್ತಿದ್ದೆ. ಈಗ ನಮ್ಮಮ್ಮನ್ನ ಕೇಳಿದೀನಿ. ಅವ್ಳು ಬೇಡ ಅಂತಾಳೆ. ನಿಮ್ಮಮ್ಮನೂ ಬೇಡ ಅನ್ಬಹುದು."

ಅವನು ತಾಯಿಯ ಕಡೆ ತಿರುಗಿದ. ಮುದುಕಿ ಇಷ್ಟು ದಿನ ಬಾಯಿ ಬಿಟ್ಟವಳಲ್ಲ. ಮಗನೇ ಅವಳ ಬಾಯಿಯಾಗಿದ್ದ.

"ನನ್ನನ್ನ ಕೇಳಿದ್ರೆ," ಅಂದಳು ಅವಳು, "ಆ ಉದ್ದದ ಹುಡುಗಿ ಬರ್ಲಿ. ಬಂದ್ರೆ ನಾಲ್ಕು ಮಾತಾಡ್ತಾಳೆ. ಇವನು ಬೆಳಗಿಂದ ಸಂಜೆವರೆಗೂ ಫೋನ್ ನೋಡ್ತಾ ಕೂತಿರ್ತಾನೆ."

ಮಗನ ಮುಖ ಕೆಂಪಾಯಿತು. ಹಿರಿಯ ಸಿಸ್ಟರು ಔಷಧದ ಕಪಾಟಿನ ಕಡೆ ತಿರುಗಿ ನಿಂತರು. ಅವರ ಹೆಗಲು ಮಾತ್ರ ಕುಲುಕಾಡುತ್ತಿತ್ತು.

ಆ ದಿನದಿಂದ ಟೀಚರ್ ಹುಡುಗಿಯರಿಗೆ ಹೊಸ ಪಾಠ ಶುರುಮಾಡಿದರು. ತಟ್ಟೆ ಸಿದ್ಧಮಾಡುವ ಮುಂಚೆ ಹೋಗಿ ಕೇಳಬೇಕು. ತಾನು ಕಲಿಯುವವಳು ಎಂದು ಹೇಳಬೇಕು. ಬೇಡವೆಂದರೆ 'ಸರಿ' ಎಂದು ಬರಬೇಕು, ಮುಖ ಊದಿಸಿಕೊಂಡಲ್ಲ. ಒಬ್ಬಳಿಗೆ ಒಂದೇ ಪ್ರಯತ್ನ. ತಪ್ಪಿದರೆ ಮತ್ತೆ ಚುಚ್ಚಬೇಕೋ ಬೇಡವೋ ಎಂಬುದು ಮಲಗಿದವರ ಮಾತು, ನಿಂತವರದಲ್ಲ. ಹುಡುಗಿಯರು ಮುಖ ಮುಖ ನೋಡಿಕೊಂಡರು. 'ಇನ್ನೊಂದ್ಸಲ' ಟೀಚರ್ 'ಇನ್ನೊಂದ್ಸಲ' ಅನ್ನುವುದನ್ನು ರೋಗಿಗಳಿಗೆ ವಹಿಸಿಬಿಟ್ಟರು ಎಂದು ಹಾಸ್ಟೆಲ್ಲಿನಲ್ಲಿ ನಗೆ ಎದ್ದಿತಂತೆ.

ಏಣಿ ಪಕ್ಕದ ಮುದುಕಿಗೆ ಹಾಕಿದಳು. ಕೇಳುವುದರಲ್ಲೇ ಅವಳು ಅರ್ಧ ನಡುಕ ಕಳೆದುಕೊಂಡಳು ಅನ್ನಿಸುತ್ತದೆ. ಮೊದಲ ಸಲಕ್ಕೇ ಕೊಳವೆಯ ಬುಡದಲ್ಲಿ ರಕ್ತ ಇಣುಕಿತು, ನರ ಸಿಕ್ಕಿತ್ತು. ಟೀಚರ್, "ಹೂಂ" ಅಂದರು. ಅವರ ಹೂಂಗೆ ಬೇರೆಯವರ ಚಪ್ಪಾಳೆಯ ಬೆಲೆ ಇತ್ತು. ಏಣಿ ಟ್ರಾಲಿ ತಳ್ಳಿಕೊಂಡು ಹೋಗುವಾಗ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡಳು.

ಅಮ್ಮ ಕಿಟಕಿ ಪಕ್ಕದಿಂದ ಇದನ್ನೆಲ್ಲ ನೋಡುತ್ತಿದ್ದಳು. ಮಷಿನ್ ಇಲ್ಲದೆ ಕೈ ಖಾಲಿ, ಕಣ್ಣಿಗಾದರೂ ಕೆಲಸ ಬೇಕಿತ್ತು. ಏಣಿ ಅವಳ ಮೈ ಒರೆಸಲು, ತಲೆ ಬಾಚಲು ಬರುತ್ತಿದ್ದಳು. ಅಮ್ಮ ಅಷ್ಟಕ್ಕೆ ಒಪ್ಪಿದ್ದಳು. ಹುಡುಗಿಯ ಸಮವಸ್ತ್ರದ ಅಂಚು ಎತ್ತರಕ್ಕೆ ಸಾಲದೆ ಮೇಲಕ್ಕೇರಿದ್ದನ್ನು ನೋಡಿ ಅಮ್ಮ, "ಯಾವನೇ ಇದನ್ನ ಹೊಲಿದೋನು? ನಿನ್ನ ಅಳತೆ ತಗೊಂಡ್ನೋ, ನಿನ್ನ ತಂಗೀದು ತಗೊಂಡ್ನೋ?" ಎಂದು ನಗಿಸುತ್ತಿದ್ದಳು. ಸೂಜಿಯ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮನ ಕೈ ಊದಿಕೊಂಡಿತು. ಹಾಕಿದ್ದ ಕ್ಯಾನುಲಾ ಜಾರಿ ಔಷಧ ಹೊರಗೆ ಇಳಿಯುತ್ತಿತ್ತು. ಅದನ್ನು ತೆಗೆದು ಎಡಗೈಗೆ ಹೊಸದು ಹಾಕಬೇಕಿತ್ತು. ಟೀಚರ್ ತಟ್ಟೆ ತರಲು ಹೊರಟಾಗ ಅಮ್ಮ ಕರೆದಳು.

"ಆ ಉದ್ದದವಳು ಹಾಕ್ಲಿ."

"ಬೇಡ ಅಂದಿದ್ಯಲ್ಲ?"

"ಅವತ್ತು ಬೇಡ ಅನ್ನಿಸ್ತು, ಬೇಡ ಅಂದೆ. ಇವತ್ತು ಹಾಕ್ಲಿ ಅನ್ನಿಸ್ತಿದೆ. ಅದಕ್ಕೂ ನಿನಗೆ ಕಾರಣ ಕೊಡ್ಬೇಕಾ?"

ಏಣಿ ಬಂದಳು. ಕೇಳಬೇಕಾದ್ದನ್ನೆಲ್ಲ ಪಾಠ ಒಪ್ಪಿಸಿದಂತೆ ಕೇಳಿದಳು. ರಬ್ಬರ್ ಪಟ್ಟಿ ಕಟ್ಟಿ, ಬೆರಳಿನಿಂದ ತಡವಿ, ನರ ಹುಡುಕಿದಳು. ಅದು ಸಿಕ್ಕಿತು, ಸಿಕ್ಕಿ ಬೆರಳಡಿಯಲ್ಲೇ ಸರಿಯಿತು. ಟೀಚರ್ ಅವಳ ಹಿಂದೆ ನಿಂತಿದ್ದರು. ಅವತ್ತು ಅವರಿಗೆ ಹುಡುಗಿಯ ಕೈ ಕಾಣುತ್ತಿರಲಿಲ್ಲ, ಅಮ್ಮನ ತುಟಿ ಕಾಣುತ್ತಿತ್ತು. ದಾರ ಕಚ್ಚಿ ಕತ್ತರಿಸುವಾಗಿನ ಹಾಗೆ ಬಿಗಿದುಕೊಂಡಿದ್ದ ತುಟಿ. ಸೂಜಿ ಇಳಿಯಿತು. ರಕ್ತ ಬರಲಿಲ್ಲ. ಏಣಿ ಒಂದಿಷ್ಟು ಹಿಂದೆಳೆದಳು, ಬರಲಿಲ್ಲ. ಅಮ್ಮ "ಅಯ್ಯಯ್ಯೋ" ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದಳು. ಟೀಚರ್ ಹುಡುಗಿಯ ಮಣಿಕಟ್ಟು ಮುಟ್ಟಿದರು. ಸೂಜಿ ಹೊರಗೆ ಬಂತು. ಚರ್ಮದ ಕೆಳಗೆ ನೀಲಿ ಗುಳ್ಳೆ ಎದ್ದಿತು.

ಏಣಿ ಹತ್ತಿ ಒತ್ತಿ ಹಿಡಿದುಕೊಂಡು, "ಅಜ್ಜಿ, ತಪ್ಪಿಹೋಯ್ತು. ನಾನೇ ಇನ್ನೊಂದು ಸಲ ನೋಡ್ಲಾ, ಅಥವಾ ಟೀಚರ್ ಹಾಕ್ಲಾ?" ಎಂದು ಕೇಳಿದಳು. ದನಿ ನಡುಗಿತು, ಕೈ ನಡುಗಲಿಲ್ಲ.

"ಸಾಕು ಮಾರಾಯ್ತಿ. ಅವಳೇ ಹಾಕ್ಲಿ."

"ಸರಿ ಅಜ್ಜಿ," ಎಂದು ಏಣಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಟೀಚರ್ ಕೂತರು. ಎಷ್ಟು ತೋಳುಗಳಿಗೆ ಹಾಕಿದ್ದರೋ ಅವರಿಗೇ ಲೆಕ್ಕವಿಲ್ಲ. ಕಣ್ಣು ಮುಚ್ಚಿ ಹಾಕುತ್ತಾರೆ ಎಂಬ ಮಾತು ಆಸ್ಪತ್ರೆಯಲ್ಲಿ ಚಾಲ್ತಿಯಲ್ಲಿತ್ತು. ಪಟ್ಟಿ ಮೇಲಕ್ಕೆ ಕಟ್ಟಿದರು, ಇನ್ನೊಂದು ನರ ಆರಿಸಿದರು, ಸೂಜಿ ಇಳಿಸಿದರು. ತಪ್ಪಿತು.

ಅಮ್ಮ ಈ ಸಲ ಕೂಗಲಿಲ್ಲ. ಮಗಳ ಮುಖ ನೋಡಿದಳು. "ನಿನಗೇನಾಯ್ತೇ?" ಅಂದಳು ಮೆತ್ತಗೆ.

ಟೀಚರ್ ಸೂಜಿ ತೆಗೆದು, ಹತ್ತಿ ಒತ್ತಿ, ಅಮ್ಮನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಸುತ್ತ ಹುಡುಗಿಯರು ನೆರೆದಿದ್ದರು. ತಾವು ಇಟ್ಟ ಒಂದೇ ಪ್ರಯತ್ನದ ಕಟ್ಟಳೆ ತಮಗೂ ಅನ್ವಯಿಸುತ್ತದೆ ಎಂಬುದು ಟೀಚರಿಗೆ ತಡವಾಗಿ ಹೊಳೆಯಿತು. ಎದ್ದು ನಿಂತು, "ಸಿಸ್ಟರ್, ಸ್ವಲ್ಪ ಬರ್ತೀರಾ? ನನ್ನ ಕೈಲಿ ಆಗ್ಲಿಲ್ಲ" ಎಂದು ಕರೆದರು. ಆ ಮಾತನ್ನು ಅವರ ಬಾಯಲ್ಲಿ ಆ ವಾರ್ಡಿನಲ್ಲಿ ಯಾರೂ ಕೇಳಿರಲಿಲ್ಲ.

ಹಿರಿಯ ಸಿಸ್ಟರು ಬಂದರು. ಅಮ್ಮನ ಕೈಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಅದು ಆರುವವರೆಗೂ ಪರದೆಯ ಬಟ್ಟೆಯ ಗುಣಮಟ್ಟದ ಬಗ್ಗೆ ಅವಳ ಜೊತೆ ಹರಟಿ, ಆಮೇಲೆ ಹಾಕಿದರು. ಕೂತಿತು. ಹೋಗುವಾಗ ಟೀಚರ ಕಿವಿಯ ಹತ್ತಿರ ಬಗ್ಗಿ, "ನಮ್ಮ ಯಜಮಾನ್ರಿಗೆ ಹಾಕೋಕೆ ಹೋಗಿ ನಾನು ಕೊನೆಗೆ ಡಾಕ್ಟರನ್ನ ಕರೆಸಿದ್ದೆ. ಯಾರಿಗೂ ಹೇಳಿಲ್ಲ" ಅಂದರು.

ಸಂಜೆ ತಮ್ಮ ಬಂದು ಅಮ್ಮನ ಕೈ ನೋಡಿ ಕೆಂಡವಾದ. "ನಾನು ಹೇಳಿರ್ಲಿಲ್ವಾ? ನೋಡು ಹೇಗೆ ನೀಲಿಗಟ್ಟಿದೆ! ಯಾವಳು ಮಾಡಿದ್ದು?"

"ಇದು ಆ ಹುಡುಗಿ," ಎಂದು ಅಮ್ಮ ಒಂದು ಕಲೆ ತೋರಿಸಿದಳು. "ಇದು ನಿಮ್ಮಕ್ಕ. ನಿಮ್ಮಕ್ಕನದೇ ಜಾಸ್ತಿ ನೋಯ್ತಿದೆ."

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ಕಿಟಕಿ ನೋಡಿದರು. ಅವನು ಆ ಸಂಜೆ ಅವರ ಜೊತೆ ಮಾತಾಡಲಿಲ್ಲ. ಆಮೇಲೂ ಕೆಲವು ಕಾಲ ಮಾತಿಗೆ ಮಾತಷ್ಟೇ ಇತ್ತು. ಅಮ್ಮನ ವಿಷಯದಲ್ಲಿ ಅಕ್ಕ ಪ್ರಯೋಗ ಮಾಡಿದಳು ಎಂಬ ಮುನಿಸು ಅವನ ಮನಸ್ಸಿನಿಂದ ಪೂರ್ತಿ ಹೋಗಲೇ ಇಲ್ಲ. ಅವನದು ತಪ್ಪು ಎಂದು ಟೀಚರ್ ಯಾವತ್ತೂ ವಾದಿಸಲಿಲ್ಲ.

ಅಮ್ಮ ಗುಣವಾಗಿ ಮನೆಗೆ ಹೋದಳು. ಮತ್ತೆ ಮಷಿನ್ ತುಳಿಯಲಾಗದಿದ್ದರೂ ಗುಂಡಿ ಹಚ್ಚುವುದು, ಅಂಚು ಮಡಿಸುವುದು ಕೈಯಲ್ಲೇ ಮಾಡಿಕೊಂಡಿದ್ದಳು.

ವಾರ್ಡಿನಲ್ಲಿ ಕೆಲಸ ಮೊದಲಿನಷ್ಟು ಬೇಗ ಸಾಗುತ್ತಿರಲಿಲ್ಲ. ಕೇಳುತ್ತ ನಿಂತರೆ ಹೊತ್ತಾಗುತ್ತದೆ. ಬೇಡ ಅನ್ನುವವರು ಬೇಡ ಅನ್ನುತ್ತಿದ್ದರು, ಕೆಲವು ದಿನ ಒಬ್ಬ ಹುಡುಗಿಗೂ ಒಂದು ತೋಳೂ ಸಿಗುತ್ತಿರಲಿಲ್ಲ. ಶಾಲೆಯ ಮುಖ್ಯಸ್ಥರು ಟೀಚರನ್ನು ಕರೆಸಿ, ಹೀಗಾದರೆ ಹುಡುಗಿಯರು ಕಲಿಯುವುದು ಯಾವಾಗ ಎಂದು ಕೇಳಿದರು. "ನಿಧಾನ ಆಗುತ್ತೆ ಮೇಡಂ," ಅಂದರು ಟೀಚರ್. ಮುಖ್ಯಸ್ಥರಿಗೆ ಅದು ರುಚಿಸಲಿಲ್ಲ. ಮುಂದಿನ ವರ್ಷ ಟೀಚರಿಗೆ ಆ ವಾರ್ಡು ತಪ್ಪಿಸಿ ಹೊರರೋಗಿಗಳ ವಿಭಾಗಕ್ಕೆ ಹಾಕಿದರು. ಅಲ್ಲಿ ಜನಕ್ಕೆ ಅವಸರ ಹೆಚ್ಚು, ಬೇಡ ಅನ್ನುವವರೂ ಹೆಚ್ಚು. ಅವರು ಅಲ್ಲೂ ಹುಡುಗಿಯರಿಂದ ಕೇಳಿಸಿಯೇ ಹಾಕಿಸಿದರು.

ಏಣಿ ಪಾಸಾಗಿ ಬೇರೆ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ಭಾನುವಾರ ಅವಳಿಂದ ಫೋನು ಬಂತು. ಟೀಚರ್ ಬಟ್ಟೆ ಒಣಹಾಕುತ್ತಿದ್ದರು.

"ಟೀಚರ್, ನನ್ನ ಕೈಕೆಳಗೂ ಈಗ ಕಲಿಯೋ ಹುಡುಗೀರನ್ನ ಕೊಟ್ಟಿದ್ದಾರೆ. ಇಲ್ಲಿ ಮಕ್ಕಳನ್ನ ಕೇಳಿದ್ರೆ ಎಲ್ರೂ ಬೇಡ ಅಂತಾರೆ. ಒಬ್ಬನೂ ಹೂಂ ಅನ್ನಲ್ಲ. ಏನ್ ಮಾಡ್ಲಿ?"

ಟೀಚರಿಗೆ ನಗು ಬಂತು. ಒದ್ದೆ ದಿಂಬಿನ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಯೋಚಿಸಿದರು. ಮಕ್ಕಳ ವಾರ್ಡಿನಲ್ಲಿ ಅವರು ಕೆಲಸ ಮಾಡಿದ್ದು ಕಡಿಮೆ.

"ನನಗೂ ಗೊತ್ತಿಲ್ಲಮ್ಮಾ," ಅಂದರು. "ತಾಯಂದಿರನ್ನ ಕೇಳ್ತೀಯಲ್ಲ?"

"ಕೇಳ್ತೀನಿ. ಅವರು ಮಗೂನ ನೋಡ್ತಾರೆ, ಮಗು ನನ್ನ ನೋಡುತ್ತೆ."

"ಆಮೇಲೆ?"

"ಆಮೇಲೆ ಬಾಗಿ ಕೂತ್ಕೋತೀನಿ ಟೀಚರ್. ನಿಂತ್ರೆ ಹೆದರ್ತಾವೆ."

ಹಾಗೇ ಮಾಡು ಎಂದು ಟೀಚರ್ ಹೇಳಿದರು. ಇಬ್ಬರೂ ಇನ್ನಷ್ಟು ಹೊತ್ತು ಅದೂ ಇದೂ ಮಾತಾಡಿದರು. ಅವಳ ಸಮವಸ್ತ್ರ ಈಗಲಾದರೂ ಅಳತೆಗೆ ಹೊಲಿದಿದ್ದಾರೋ ಇಲ್ಲವೋ ಕೇಳಲು ಅಮ್ಮ ಒಳಗಿನಿಂದ ಕೈಸನ್ನೆ ಮಾಡುತ್ತಿದ್ದಳು. ಟೀಚರ್ ಫೋನನ್ನು ಅವಳ ಕೈಗೆ ಕೊಟ್ಟು ಉಳಿದ ಬಟ್ಟೆ ಹಿಂಡಲು ಹೋದರು.